ಹೆಸರಿನ ಜಾಗ ಖಾಲಿ

"ನಾಲ್ಕು ಗಂಟೆಯೊಳಗೆ ನನಗೊಂದು ಹೆಸರು ಬೇಕು. ಇಲ್ಲಾಂದ್ರೆ ಆ ಜಾಗದಲ್ಲಿ ನಿಮ್ಮ ಹೆಸರೇ ಹಾಕಿಸ್ತೀನಿ," ಎಂದಿದ್ದರು ಯಜಮಾನರು. ಮೂರೂಮುಕ್ಕಾಲಿಗೆ ಕಂಪನಿಯ ತಾಂತ್ರಿಕ ವಿಭಾಗದ ಮುಖ್ಯಸ್ಥ, ಎಲ್ಲರ ಬಾಯಲ್ಲಿ 'ಚೀಫ್', ಗ್ರಂಥಾಲಯದ ಹಿಂಬದಿಯ ಕೋಣೆಯ ಬಾಗಿಲು ತಟ್ಟಿದ.

ಬೆಳಗಿನಿಂದ ಅವರ ಕಂಪನಿಯ ಸರ್ವರ್ ಒಂದೇ ಬಸ್ ಸೀಟನ್ನು ಇಬ್ಬಿಬ್ಬರಿಗೆ ಮಾರುತ್ತಿತ್ತು. ನಿಲ್ದಾಣದಲ್ಲಿ ಜನ ಕೈಕೈ ಮಿಲಾಯಿಸಿದ್ದರು. ಆ ಸರ್ವರನ್ನು ನಡೆಸುತ್ತಿದ್ದದ್ದು ಬಿಟ್ಟಿ ತಂತ್ರಾಂಶ. ಸ್ವಯಂಸೇವಕರು ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟದ್ದು. ಕಂಪನಿ ಆರು ವರ್ಷದಿಂದ ಧಾರಾಳವಾಗಿ ಬಳಸಿಕೊಂಡಿತ್ತು.

ಪತ್ರಿಕಾ ಹೇಳಿಕೆ ಸಿದ್ಧವಿತ್ತು. 'ಈ ಅವಾಂತರಕ್ಕೆ ತಂತ್ರಾಂಶದ ಹೊಣೆ ಹೊತ್ತ ಇಂಥವರ ನಿರ್ಲಕ್ಷ್ಯವೇ ಕಾರಣ.' ಇಂಥವರು ಯಾರೆಂಬುದಷ್ಟೇ ಬಾಕಿ.

ಚೀಫ್‌ಗೆ ಆ ತಂತ್ರಾಂಶ ಹೊಸದೇನಲ್ಲ. ಅವನ ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಕೆಳಗೆ 'ಅಭಿವೃದ್ಧಿ ಬಳಗದ ಸದಸ್ಯ' ಎಂದು ಚಿನ್ನದ ಬಣ್ಣದಲ್ಲಿ ಅಚ್ಚಾಗಿತ್ತು. ಪ್ರತಿ ಜನವರಿಯಲ್ಲಿ ಸಹಾಯಪುಟದ ಅಡಿಯಲ್ಲಿದ್ದ ಇಸವಿಯನ್ನು ಹೊಸದಕ್ಕೆ ತಿದ್ದಿ ಕಳಿಸುತ್ತಿದ್ದ. ಮಾಡಿದ ಸೇವೆ ಅಷ್ಟೇ. ಆ ಪುಟದಿಂದಾಚೆ ಎಂದೂ ಇಣುಕಿದವನಲ್ಲ. ಬಳಗದಿಂದ ಬರುವ ಪತ್ರಗಳೆಲ್ಲ ಓದದೆಯೇ ಕಸದ ಬುಟ್ಟಿಗೆ ಹೋಗುವಂತೆ ಏರ್ಪಾಡು ಮಾಡಿದ್ದ. ಬಿಟ್ಟಿ ಮಾಡುವ ಜನ, ಏನಾದರೂ ಕೆಲಸ ಹೇಳಿಬಿಟ್ಟರೆ?

ಮೂಲ ಲೇಖಕಿಯ ವಿಳಾಸ ಸಿಕ್ಕಿದ್ದೂ ಆ ಪುಟದಲ್ಲೇ. ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಆಕೆಯನ್ನು ಗ್ರಂಥಾಲಯದವರು ರಟ್ಟಮ್ಮ ಎನ್ನುತ್ತಿದ್ದರು. ಎರಡೂ ಕೈಗೆ ಗೋಂದು ಮೆತ್ತಿತ್ತು. ಅವನು ಚಾಚಿದ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಅಂಚಿಗಿಟ್ಟರು.

"ಕನ್ನಡಕ ಇಲ್ಲದೆ ಏನೂ ಕಾಣೋದಿಲ್ಲಪ್ಪ. ಕೈ ತೊಳ್ಕೊಂಡು ನೋಡ್ತೀನಿ. ಕೂತ್ಕೊಳ್ಳಿ."

"ಕೂರೋಕೆ ಪುರಸೊತ್ತಿಲ್ಲಮ್ಮ. ನಿಮ್ಮ ತಂತ್ರಾಂಶ ನಮ್ಮ ಮಾನ ಕಳೆದಿದೆ."

"ಬರೆದದ್ದು ನಾನೇ. ಪುಸ್ತಕಕ್ಕೆ ಕಾಯೋ ಓದುಗರ ಸಾಲಿಗೆ ಅಂತ ಶುರು ಮಾಡಿದ್ದು. ಕಣ್ಣು ಸೋತಮೇಲೆ ಇನ್ನೊಬ್ಬರಿಗೆ ಒಪ್ಪಿಸಿದೆ. ಎರಡು ವರ್ಷವಾಯ್ತು."

"ಯಾರಿಗೆ?"

"ಮುಖ ನೋಡಿದವಳಲ್ಲ. ಹೆಸರು ತಂತ್ರಾಂಶದ ಮೊದಲ ಪುಟದಲ್ಲೇ ಇದೆ."

ಚೀಫ್‌ಗೆ ಹೋದ ಜೀವ ಬಂದಂತಾಯಿತು. ಗಡಿಯಾರದಲ್ಲಿ ನಾಲ್ಕಕ್ಕೆ ಮೂರು ನಿಮಿಷ. ಹೇಳಿಕೆ ಬರೆದಿದ್ದ ಪ್ರಚಾರ ಅಧಿಕಾರಿಗೆ ಫೋನ್ ಮಾಡಿದ.

"ಮೊದಲ ಪುಟ ತೆಗೀರಿ. ಹೊಣೆಗಾರ ಅಂತ ಇರೋ ಹೆಸರು ತುಂಬಿ, ಎಲ್ಲಾ ಪತ್ರಿಕೆಗೂ ಕಳಿಸಿಬಿಡಿ."

"ತೆಗೆದೆ ಸರ್. ಆದ್ರೆ ಇದು..."

"ಆದ್ರೆ ಗೀದ್ರೆ ಬೇಡ. ಯಾರಾದ್ರೇನು, ನಮಗೇನು ನೆಂಟನೇ? ಕಳಿಸ್ರೀ!"

ಆ ಕಡೆ ಗುಂಡಿ ಒತ್ತಿದ ಸದ್ದು. "ಕಳಿಸಿದೆ ಸರ್."

ಚೀಫ್ ಹಾಯಾಗಿ ಕುರ್ಚಿಗೊರಗಿದ. ಈಗ ಅವನಿಗೆ ಪುರಸೊತ್ತಿತ್ತು, ಕರುಣೆಯೂ ಇತ್ತು. "ಪಾಪ, ಎಂಥ ಬೇಜವಾಬ್ದಾರಿ ಮನುಷ್ಯನಿಗೆ ಒಪ್ಪಿಸಿದಿರಿ!"

"ಹಾಗನ್ಬೇಡಿ," ಎಂದರು ರಟ್ಟಮ್ಮ, ಕೈ ತೊಳೆಯುತ್ತಾ. "ಬುದ್ಧಿವಂತರು ಬರ್ತಾರೆ, ಹೋಗ್ತಾರೆ. ಅದಕ್ಕೇ ನಮ್ಮ ಬಳಗದಲ್ಲಿ ಒಂದು ಪದ್ಧತಿ. ಬಿಡುವವರು ಬಿಟ್ಟಾಗ, ಹೆಚ್ಚು ವರ್ಷ ತಪ್ಪದೆ ಬಂದವರಿಗೇ ಬೀಗದಕೈ. ಮೂರು ಸಲ ಪತ್ರ ಬರೆದು ಕೇಳಿದೆ. ಬೇಡ ಅನ್ನಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಅಂತ ಹೆಸರು ಹಾಕಿಬಿಟ್ಟೆ. ಆದ್ರೆ ಅದೇನು ಕಷ್ಟವೋ ಅವರಿಗೆ! ಈ ಸೀಟಿನ ದೋಷಕ್ಕೆ ಯಾರೋ ಮೂರು ತಿಂಗಳ ಹಿಂದೆಯೇ ಪರಿಹಾರ ಬರೆದು ಕಳಿಸಿದ್ದಾರೆ. ಇವರು ಒಂದು ಸಲ ಒಪ್ಪಿಗೆ ಒತ್ತಿದ್ರೆ ಸಾಕಿತ್ತು."

ಚೀಫ್‌ನ ಬೆನ್ನು ಕುರ್ಚಿ ಬಿಟ್ಟು ನೆಟ್ಟಗಾಯಿತು. ಕೇಳಬಾರದೆಂದುಕೊಂಡೇ ಕೇಳಿದ. "ತಪ್ಪದೆ ಬರ್ತಿದ್ರು ಅಂದ್ರೆ... ಯಾವಾಗ?"

ರಟ್ಟಮ್ಮ ಸೆರಗಿಗೆ ಕೈ ಒರೆಸಿ, ಕನ್ನಡಕ ಏರಿಸಿ, ಮೇಜಿನ ಅಂಚಿನ ಕಾರ್ಡನ್ನು ಎತ್ತಿಕೊಂಡರು. ಓದಿದರು. ಮುಖವೆಲ್ಲ ಅರಳಿತು.

"ಅಯ್ಯೋ, ಜನವರಿಯವರು ನೀವೇನಾ!"