ಬಾಗಿಲ ಹಿಂದಿನ ಕೈ

ಮನೆಯ ಹಳೆಯ ವೀಡಿಯೋದ ದೃಶ್ಯವನ್ನು ಮತ್ತೆ ಹೂಡಿ ಫೋಟೋ ತೆಗೆಸಿದರೆ, ಅದರಲ್ಲಿ ನಿಂತವರ ನೆನಪೂ ಫೋಟೋದಂತೆಯೇ ಬದಲಾಗುತ್ತದೆ. ಹಾಗಾಗಿ ಜಯಣ್ಣನ ಸ್ಟುಡಿಯೋದಲ್ಲಿ ಸದಾ ರಶ್ಶು. ಇವತ್ತು ಬೆಳಿಗ್ಗೆ ಅನ್ಯರಾಗಿ ಬಂದ ಗಂಡ ಹೆಂಡತಿ ಮಧ್ಯಾಹ್ನ ಅನ್ಯೋನ್ಯರಾಗಿ ಮನೆಗೆ ಹೋಗಿದ್ದರು.

ಈಗ ಶೇಷಾದ್ರಿಯ ಮನೆಯವರ ಸರದಿ. ಅವನ ನಾಮಕರಣದ ವೀಡಿಯೋದಲ್ಲಿ ಸೋದರತ್ತೆ ಅಲಮೇಲು ಕಾಣುವುದಿಲ್ಲ. ಗಂಡ ಸತ್ತವಳು ಶುಭಕಾರ್ಯದಲ್ಲಿ ಮುಖ ತೋರಿಸಬಾರದೆಂದು ಅಡುಗೆಮನೆಯಲ್ಲೇ ಇರಿಸಿದ್ದರು. ಬಾಗಿಲ ಹಿಂದಿನಿಂದ ಪಾಯಸದ ಪಾತ್ರೆ ಚಾಚುವ ಅವರ ಕೈಯಷ್ಟೇ ಕಾಣುತ್ತದೆ; ಅದರ ಕಡೆ ಯಾರೂ ನೋಡುತ್ತಿಲ್ಲ.

"ಅತ್ತೆ, ಈ ಸಲ ನೀವೇ ನಡುವೆ ನಿಂತು ತೊಟ್ಟಿಲು ತೂಗಿ. ಆಗಿದ್ದೆಲ್ಲ ಮರ್ತೋಗತ್ತೆ, ನಿಮಗೂ, ನಮಗೂ," ಎಂದ ಶೇಷಾದ್ರಿ.

"ನಿಮಗ್ಯಾಕೋ ಆ ಸುಖ?"

ಶೇಷಾದ್ರಿಯ ಅಮ್ಮ ಕಣ್ಣೊರೆಸಿಕೊಂಡರು. "ಹಠ ಮಾಡ್ಬೇಡ ಅಲಮೇಲು. ಆ ದಿನ ನೆನೆಸ್ಕೊಂಡ್ರೆ ನಂಗೆ ನಿದ್ದೇನೇ ಬರಲ್ಲ."

"ಬರ್ದೇ ಇರ್ಲಿ ಅತ್ತಿಗೆ. ನಲವತ್ತು ವರ್ಷ ಚೆನ್ನಾಗೇ ಮಲಗಿದ್ರಲ್ಲ!"

ಅಲಮೇಲತ್ತೆ ಸೀದಾ ದೃಶ್ಯಕ್ಕೆಂದು ನಿಲ್ಲಿಸಿದ್ದ ರಟ್ಟಿನ ಬಾಗಿಲ ಹಿಂದೆ ಹೋಗಿ ಪಾತ್ರೆ ಹಿಡಿದು ಕೈ ಚಾಚಿದರು.

"ಅಮ್ಮಾ, ಒಂದ್ಸಲ ತೆಗೆದ್ರೆ ಮುಗೀತು. ಮತ್ತೆ ಬದಲಾಯ್ಸೋಕಾಗಲ್ಲ," ಎಂದ ಜಯಣ್ಣ.

"ಅದಕ್ಕೇ ಬಂದಿರೋದು ಕಣಪ್ಪಾ. ಎಲ್ರೂ ಈ ಕೈಯನ್ನೇ ನೋಡ್ರಿ. ನೋಡ್ಲೇ ಇಲ್ಲ ಅಂತ ಇನ್ಮೇಲೆ ಯಾರೂ ಹೇಳೋಹಾಗಿಲ್ಲ."

ಎಲ್ಲರೂ ನೋಡಿದರು. ಜಯಣ್ಣ ಅಭ್ಯಾಸಬಲದಿಂದ "ಸ್ವಲ್ಪ ನಗಿ" ಎಂದ.

ಬಾಗಿಲ ಹಿಂದೆ, ಕ್ಯಾಮೆರಾಕ್ಕೆ ಎಟುಕದ ಜಾಗದಲ್ಲಿ, ಅಲಮೇಲತ್ತೆ ಒಬ್ಬರೇ ನಕ್ಕರು.