ಸತ್ತವರು ಸುಳ್ಳು ಹೇಳುವುದಿಲ್ಲ

ಕರೆಂಟು ಹೊಡೆದು ಸತ್ತವರು ಅದೇ ಕಂಬದಲ್ಲಿ ಉಳಿದು ಮಾತಾಡುವುದು ಶುರುವಾದ ಮೇಲೆ ಇಲಾಖೆಯವರು ಟೆಸ್ಟರ್ ಕೊಡುವುದನ್ನೇ ನಿಲ್ಲಿಸಿದರು. ಹತ್ತುವ ಮುಂಚೆ ಕಂಬವನ್ನು ಕೇಳಿದರಾಯಿತು. ಸತ್ತವರು ಸುಳ್ಳು ಹೇಳುವುದಿಲ್ಲವಲ್ಲ!

ಹೋದ ವರ್ಷ ಲೈನ್ ಆಫ್ ಮಾಡಿಸದೆಯೇ, ಫೋನಿನಲ್ಲಿ "ಲೈನ್ ಕ್ಲಿಯರ್ ಇದೆ, ಹತ್ತೋ" ಎಂದು ನನ್ನ ಗಂಡನನ್ನು ಈ ಕಂಬ ಹತ್ತಿಸಿದ್ದು ಎಂಜಿನಿಯರ್ ಪಟ್ಟಾಭಿ. ಆಮೇಲೆ ಅವನ ಮಾತು ನಂಬಿ ಯಾವ ಲೈನ್‌ಮನ್ನೂ ಹತ್ತಲಿಲ್ಲ. ಇವತ್ತು ಅವನೇ ಹತ್ತಬೇಕಾಯಿತು.

ಗಂಡನ ಕೆಲಸ ಈಗ ನನ್ನದು. ಸ್ವಿಚ್ ಇಳಿಸಬೇಕಾದವಳು ನಾನು. ಇಳಿಸಿರಲಿಲ್ಲ. ಏಣಿ ಹಿಡಿದಿದ್ದ ನನ್ನನ್ನು ಅವನು ಕೇಳಲೂ ಇಲ್ಲ, ಕಂಬಕ್ಕೆ ಕಿವಿಯಿಟ್ಟ.

"ಚಿಕ್ಕರಂಗ, ಕರೆಂಟ್ ಇದೆಯೇನೋ?"

ಕಂಬದೊಳಗಿಂದ ನನ್ನ ಗಂಡ ಹೇಳಿದ:

"ಲೈನ್ ಕ್ಲಿಯರ್ ಐತೆ ಸಾ, ಹತ್ತಿ."

ನಾನು ಏಣಿಯಿಂದ ಕೈ ತೆಗೆದು, ರಬ್ಬರ್ ಮ್ಯಾಟಿನ ಮೇಲೆ ನಿಂತುಕೊಂಡೆ.