ತೆಳು ಆಯಿಲ್

ಬೆಳಗಿನ ಚಳಿಗೆ ಸ್ಟಾರ್ಟ್ ಆಗದೆ ದಿನವೂ ಸತಾಯಿಸುತ್ತಿದ್ದ ವ್ಯಾನಿನ ಎಂಜಿನ್‌ಗೆ ಅವಳು ಹೊಸ ಆಯಿಲ್ ಸುರಿಯುತ್ತಿದ್ದಳು. "ಏನತ್ತಿಗೆ, ನೀರಿನ ಹಾಗಿದೆ! ಹಳೇ ಡೀಸೆಲ್ ಗಾಡಿಗೆ ದಪ್ಪ ಆಯಿಲೇ ಆಗ್ಬೇಕು. ತಲೆಗೆ ಹಚ್ಕೊಳ್ಳೋ ಎಣ್ಣೆ ತಂದ್ಬಿಟ್ರಾ?" ಎಂದು ವ್ಯಾನ್ ಓಡಿಸುವ ಮೈದುನ ನಕ್ಕ. ಬೇಕರಿಯ ಬಾಗಿಲಲ್ಲಿ ಬ್ರೆಡ್ಡಿನ ಟ್ರೇ ಹೊತ್ತು ನಿಂತಿದ್ದ ಗಂಡ ನಗಲಿಲ್ಲ. "ಇವತ್ತೂ ತಡವಾದ್ರೆ ಆಸ್ಪತ್ರೆ ಕ್ಯಾಂಟೀನಿನವರು ನಮ್ಮನ್ನ ಬಿಟ್ಟೇ ಬಿಡ್ತಾರೆ" ಎಂದ.

ಅವಳು ಡಬ್ಬದ ಕೊನೆಯ ಹನಿಯನ್ನೂ ಬಸಿದಳು. ಡೀಸೆಲ್ ಎಂಜಿನ್ನಿನದೇ ಆಯಿಲ್, ಆದರೆ ಚಳಿಯಲ್ಲೂ ಸರಾಗವಾಗಿ ಹರಿಯುವಂಥದ್ದು ಬೇಕೆಂದು ಅಂಗಡಿಯಲ್ಲಿ ಹಟ ಹಿಡಿದು ತಂದಿದ್ದಳು. ಚಳಿಗೆ ಗಟ್ಟಿಯಾದ ಬೆಣ್ಣೆ ಬ್ರೆಡ್ಡಿನ ಮೇಲೆ ಹರಡುವುದಿಲ್ಲವೆಂದು ಬೇಕರಿಯವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನೀವೇ ಸ್ಟಾರ್ಟ್ ಮಾಡಿ. ಆಮೇಲೆ ಅಣ್ಣ ನನ್ನ ಬೈಯೋದು ಬೇಡ" ಎಂದು ಮೈದುನ ಕೀಲಿ ಎಸೆದ. ಅವಳು ಮೊದಲ ಸಲ ಆ ಸೀಟಿನಲ್ಲಿ ಕೂತಳು. ಕೀಲಿ ತಿರುಗಿಸಿದಳು. ದಿನವೂ ನರಳಿ ನರಳಿ ಸುಮ್ಮನಾಗುತ್ತಿದ್ದ ಎಂಜಿನ್ ಒಂದೇ ಏಟಿಗೆ ಗುಡುಗಿತು! ಸ್ಟಿಯರಿಂಗ್ ಅವಳ ಅಂಗೈಯೊಳಗೆ ಜುಮ್ಮೆಂದಿತು.

"ಅರೆ!" ಎಂದ ಗಂಡ.

"ನಿನ್ನೆ ಬ್ಯಾಟರಿ ಒರೆಸಿಟ್ಟಿದ್ದು ಯಾರು ಮತ್ತೆ?" ಎಂದು ಮೈದುನ ಕಾಲರ್ ಎತ್ತಿಕೊಂಡ. "ಇಳೀರಿ ಅತ್ತಿಗೆ, ಹೊತ್ತಾಯ್ತು."

ಅವಳು ನಗುತ್ತಲೇ ಇಳಿದಳು. ಬ್ರೆಡ್ಡು ತುಂಬಿದ ವ್ಯಾನ್ ತಿರುವು ದಾಟಿ ಹೋಯಿತು. ಅಂಗೈಯ ಜುಮ್ಮು ಮಾತ್ರ ಹೋಗಲಿಲ್ಲ. ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ಎದುರುಗಡೆಯ ಡ್ರೈವಿಂಗ್ ಸ್ಕೂಲಿನ ಮುಚ್ಚಿದ ಬಾಗಿಲನ್ನು ನೋಡಿದಳು. ಅದು ತೆರೆದ ಕೂಡಲೇ ಹೋಗಿ ಸೇರುವುದೆಂದು ನಿರ್ಧರಿಸಿ, ಏನೂ ಆಗಿಲ್ಲವೆಂಬಂತೆ ಹಿಟ್ಟು ನಾದಲು ಒಳಗೆ ಹೋದಳು.